ಗೋಡೆ ಸರಿಸೋ ಮನೆ: ಉಟ್ರೆಕ್ಟ್‌ಗೆ ಅಮ್ಮನ ಜೊತೆ

ಅಮ್ಮ ಮೂರು ತಿಂಗಳು ಇರೋಣ ಅಂತ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ ಬಂದಿದ್ಲು. ಟುಲಿಪ್ ತೋಟ, ಗಾಳಿ ಗಿರಣಿ, ಬೋಟು ಎಲ್ಲಾ ಆಯ್ತು, ಅದರ ಬಗ್ಗೆ ಬರೆಯಲ್ಲ, ಯೂಟ್ಯೂಬಲ್ಲಿ ಬೇಕಾದಷ್ಟಿದೆ. ನಾನು ಹೇಳೋಕೆ ಹೊರಟಿರೋದು ಉಟ್ರೆಕ್ಟ್‌ನ ಒಂದು ಪುಟ್ಟ ಮನೆ ಬಗ್ಗೆ, ರೀಟ್‌ಫೆಲ್ಟ್ ಶ್ರೋಡರ್ ಮನೆ ಅಂತಾರೆ, 1924ರಲ್ಲಿ ಕಟ್ಟಿದ್ದು.

ಮೊದಲ ಸಲ ಹೋದಾಗ ಒಳಗೆ ಬಿಡ್ಲಿಲ್ಲ. ತಪ್ಪು ನಂದೇ, ಬುಕ್ ಮಾಡಿರ್ಲಿಲ್ಲ. ಒಂದು ಸಲಕ್ಕೆ ಕೆಲವೇ ಜನರನ್ನ ಬಿಡೋದು, ಆವತ್ತಿನ ಸ್ಲಾಟೆಲ್ಲಾ ಫುಲ್. ಅದು ಸಾಲದು ಅಂತ ವಾಪಸ್ ಬರೋವಾಗ ಅಮ್ಮ ಸ್ಟೇಷನ್ನಲ್ಲಿ ಕಾರ್ಡ್ ತೋರಿಸಿ ಚೆಕ್ ಔಟ್ ಮಾಡೋದು ಮರೆತು 20 ಯುರೋ ಹೋಯ್ತು. ಮನೆಗೆ ಬರೋವರೆಗೂ ಅದನ್ನ ರೂಪಾಯಿಗೆ ಲೆಕ್ಕ ಹಾಕ್ತಾನೇ ಇದ್ಲು. ಆದ್ರಿಂದ ಮೊದಲೇ ಟಿಕೆಟ್ ತಗೊಳ್ಳಿ, ರೈಲಿಂದ ಇಳಿದ ಮೇಲೆ ಮನೆಯವರ ಕಾರ್ಡನ್ನೂ ನೀವೇ ನಿಂತು ಟ್ಯಾಪ್ ಮಾಡಿಸಿ.

ಎರಡು ವಾರ ಬಿಟ್ಟು ಮತ್ತೆ ಹೋದ್ವಿ. ಪ್ರಿನ್ಸ್ ಹೆಂಡ್ರಿಕ್‌ಲಾನ್ ಅನ್ನೋ ರಸ್ತೆ, ಉದ್ದಕ್ಕೂ ಒಂದಕ್ಕೊಂದು ಅಂಟಿಕೊಂಡಿರೋ ಇಟ್ಟಿಗೆ ಮನೆಗಳು, ಕಟ್ಟಕಡೆಗೆ ಬಿಳಿ, ಬೂದು ಹಲಗೆಗಳನ್ನ ಯಾರೋ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಹಾಗೆ ಇದು, ನಡುನಡುವೆ ಕೆಂಪು, ಹಳದಿ, ನೀಲಿ ಪಟ್ಟಿ. ಅಮ್ಮ "ಇನ್ನೂ ಕೆಲಸ ನಡೀತಿದೆಯೇನೋ?" ಅಂದ್ಲು. ಕಾಂಕ್ರೀಟ್ ಅಂತಲೇ ನಾನೂ ಅಂದ್ಕೊಂಡಿದ್ದೆ, ಅಡಿಪಾಯ ಮತ್ತೆ ಬಾಲ್ಕನಿ ಬಿಟ್ರೆ ಗೋಡೆಯೆಲ್ಲಾ ಇಟ್ಟಿಗೆಗೆ ಗಾರೆ ಮೆತ್ತಿರೋದಂತೆ. ಕಟ್ಟಿದ ಗೆರಿಟ್ ರೀಟ್‌ಫೆಲ್ಟ್ ಮೂಲತಃ ಬಡಗಿ, ಅಪ್ಪಂದೂ ಅದೇ ಕಸುಬು. ಆ ಕೆಂಪು ನೀಲಿ ಕುರ್ಚಿ ಫೋಟೋ ನೋಡಿರ್ತೀರಲ್ಲ, ಅದು ಇವನದೇ. ಕೂರೋಕೆ ಅದೊಂದು ಶಿಕ್ಷೆ ಅನ್ನೋದು ನನ್ನ ಅಭಿಪ್ರಾಯ, ಮನೆ ಮಾತ್ರ ಹಾಗಲ್ಲ.

ಬಾಗಿಲ ಹತ್ರ ಮಾತಾಡೋಕೆ ಒಂದು ಕೊಳವೆ ಇದೆ, ಕೆಳಗೆ ನಿಂತು ಅದರಲ್ಲಿ ಮಾತಾಡಿದ್ರೆ ಮೇಲಿದ್ದವರಿಗೆ ಕೇಳತ್ತೆ. ಶೂ ಮೇಲೆ ಕವರ್ ಹಾಕ್ಕೊಂಡು ಒಳಗೆ ಹೋದ್ವಿ. ಕೆಳಗಡೆ ಮಾಮೂಲಿ ರೂಮುಗಳು. ಮೇಲಿನ ಮಹಡೀನ ನಕ್ಷೆಯಲ್ಲಿ ಬರೀ ಅಟ್ಟ ಅಂತ ತೋರಿಸಿದ್ರಂತೆ, ಇಲ್ಲಾಂದ್ರೆ ರೂಲ್ಸ್ ಪ್ರಕಾರ ಪರ್ಮಿಷನ್ ಸಿಗ್ತಿರ್ಲಿಲ್ಲ. ಪ್ಲಾನಲ್ಲಿ ಒಂದು, ಕಟ್ಟೋದು ಇನ್ನೊಂದು, ಈ ವಿದ್ಯೆ ನಮಗೆ ಹೊಸದಾ!

ಆ "ಅಟ್ಟ" ಹತ್ತಿದ್ರೆ ಮೆಟ್ಟಿಲ ಸುತ್ತ ಒಂದೇ ಒಂದು ದೊಡ್ಡ ಜಾಗ. ನೆಲದಲ್ಲಿ ಕೆಂಪು, ಕಪ್ಪು, ಬಿಳಿ, ಬೂದು ಚೌಕಗಳು. ಗೈಡ್ ಹೆಂಗಸು, ಅಮ್ಮನ ವಯಸ್ಸಿನೋರೇ, ಹಳಿ ಮೇಲಿದ್ದ ಹಲಗೆ ಗೋಡೇನ ಎಳೆದ್ರು, ದಡದಡ ಅಂತ ಬಂತು, ಆಮೇಲೆ ಇನ್ನೊಂದು, ನೋಡ್ತಾ ನೋಡ್ತಾ ಮೂರು ಮಲಗೋ ಕೋಣೆ, ಒಂದು ನಡುಮನೆ ಆಗೋಯ್ತು.

ಅಮ್ಮ ಜೋರಾಗಿ ನಕ್ಕಳು. "ಇದಕ್ಕೆ ಇಷ್ಟು ದೂರ ಬರಬೇಕಿತ್ತಾ? ಹಾಸನದ ಮನೆ ಪಡಸಾಲೇಲಿ ಹಗಲೆಲ್ಲಾ ಭತ್ತ ಹರವೋರು, ಬಂದೋರು ಕೂರೋರು, ರಾತ್ರಿ ಹಾಸ್ಕೊಂಡ್ರೆ ಹನ್ನೆರಡು ಜನ ಮಲಗ್ತಿದ್ವಿ. ಗೋಡೆ ಬೇಕಾಗೇ ಇರ್ಲಿಲ್ಲ."

ಗೈಡ್ ಏನಂತೆ ಅಂತ ನನ್ನ ಮುಖ ನೋಡಿದ್ರು, ಇಂಗ್ಲಿಷಲ್ಲಿ ಹೇಳಿದೆ. ಅಲ್ಲಿಂದ ಟೂರ್ ನಿಂತೋಯ್ತು, ಇವರಿಬ್ಬರ ಮಾತು ಶುರು, ನಾನು ನಡುವೆ ಟ್ರಾನ್ಸ್‌ಲೇಟರ್. ಈ ಮನೆ ಕಟ್ಟಿಸಿದೋಳು ಟ್ರೂಸ್ ಶ್ರೋಡರ್. ಆಕೆ ಗಂಡ ವಕೀಲ, 1923ರಲ್ಲಿ ತೀರಿಕೊಂಡಾಗ ಆಕೆಗೆ ಮೂರು ಮಕ್ಕಳು. ದೊಡ್ಡೋರ ಮಾತುಕತೆ, ಚರ್ಚೆ ಎಲ್ಲಾ ಮಕ್ಕಳ ಕಿವಿಗೂ ಬೀಳ್ಲಿ, ಅವರು ಬೇರೆ ರೂಮಲ್ಲಿ ಬೆಳೆಯೋದು ಬೇಡ ಅನ್ನೋದು ಆಕೆ ಆಸೆ, ಮೇಲೆ ಗೋಡೆ ಬೇಡ ಅಂತ ಹಟ ಹಿಡಿದೋಳೂ ಆಕೆನೇ.

"ಮಕ್ಕಳಿಗೆ ಇಷ್ಟ ಇತ್ತಂತಾ?" ಅಮ್ಮ ಕೇಳಿದ್ಲು.

ಹುಚ್ಚು ಮನೇಲಿರೋರು ಅಂತ ಸ್ಕೂಲಲ್ಲಿ ರೇಗಿಸ್ತಿದ್ರಂತೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮೇಲೆ "ಅವಳಿಗೆ ಅಂತ ರೂಮು?" ಗೈಡ್ ಮೂಲೇಲಿದ್ದ ಎಲ್ಲಕ್ಕಿಂತ ಚಿಕ್ಕದನ್ನ ತೋರಿಸಿದ್ರು. "ಅದೇ ಅಂದ್ಕೊಂಡೆ" ಅಂದ್ಲು ಅಮ್ಮ. ಇದನ್ನ ನಾನು ಟ್ರಾನ್ಸ್‌ಲೇಟ್ ಮಾಡ್ಲಿಲ್ಲ, ಆದ್ರೂ ಆಕೆಗೆ ಅರ್ಥ ಆಯ್ತು ಅನ್ಸತ್ತೆ, ತಲೆ ಆಡಿಸಿದ್ರು.

ಮಕ್ಕಳು ದೊಡ್ಡೋರಾಗಿ ಹೋದ ಮೇಲೂ ಟ್ರೂಸ್ ಇಲ್ಲೇ ಇದ್ರು, 1985ರಲ್ಲಿ ಸಾಯೋವರೆಗೂ. ರೀಟ್‌ಫೆಲ್ಟ್ ತನ್ನ ಹೆಂಡತಿ ತೀರಿಕೊಂಡ ಮೇಲೆ 1958ರಿಂದ ಇಲ್ಲೇ ಬಂದಿದ್ದು, 1964ರಲ್ಲಿ ತೀರಿಕೊಂಡ. 2000ದಲ್ಲಿ ಈ ಮನೆ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಕೊನೆಗೆ ಗೈಡ್ ಮೂಲೆ ಕಿಟಕಿ ತೆಗೆದ್ರು. ಎರಡು ಕಿಟಕಿ ಕೂಡೋ ಕಡೆ ಕಂಬಾನೇ ಇಲ್ಲ, ಎರಡನ್ನೂ ತೆಗೆದ್ರೆ ಮನೆ ಮೂಲೆನೇ ಮಾಯ, ನೀವು ಗಾಳೀಲಿ ನಿಂತಂಗೆ. ಕಟ್ಟಿದಾಗ ಎದುರಿಗೆ ಬರೀ ಬಯಲಂತೆ, 60ರ ದಶಕದಲ್ಲಿ ಮುಂದೆ ಎತ್ತರಿಸಿದ ರಸ್ತೆ ಬಂತು. ಕಿಟಕಿ ತೆಗೆದಿದ್ದೇ ತಡ ಕಾರುಗಳ ಸದ್ದು ನುಗ್ತು. ನನಗೆ ಸಿಟ್ಟೇ ಬಂತು, ಇಂಥ ಮನೆ ಮುಂದೆನೇ ರಸ್ತೆ ಹಾಕಬೇಕಿತ್ತಾ ಅಂತ.

ಅಮ್ಮಂಗೆ ಸದ್ದು ಕೇಳಿಸಿದಂಗೇ ಇರ್ಲಿಲ್ಲ. ಅವಳ ಕಣ್ಣು ಇನ್ನೂ ಆ ಹಲಗೆ ಮೇಲೇ. ಮುಟ್ಟಬಾರದು ಅಂದಿದ್ರಲ್ಲ, ಎರಡೂ ಕೈ ಹಿಂದೆ ಕಟ್ಕೊಂಡು ಹಳಿ ಹತ್ರ ಬಗ್ಗಿ ನೋಡ್ತಿದ್ಲು.

ರೈಲಲ್ಲಿ ಅರ್ಧ ದಾರಿಗೆ ಬಂದ್ಮೇಲೆ ಹೇಳಿದ್ಲು: "ತಾತನ ಅಂಗಡಿಗೂ ಹಲಗೆ ಬಾಗಿಲೇ ಕಣೋ. ಒಂಬತ್ತು ಹಲಗೆ, ಒಂದೊಂದಕ್ಕೂ ನಂಬರ್. ರಾತ್ರಿ ಜೋಡಿಸೋ ಕೆಲಸ ನಂದು. ಏಳು ಹಾಕೋ ಕಡೆ ಎಂಟು ಹಾಕಿದ್ರೆ ಕೊನೇದು ಕೂರ್ತಾನೇ ಇರ್ಲಿಲ್ಲ, ಮತ್ತೆ ಎಲ್ಲಾ ಬಿಚ್ಚಬೇಕು."

ಐಂಡ್‌ಹೋವನ್ ಬಂತು. ಈ ಸಲ ನನಗಿಂತ ಮೊದಲು ಅವಳೇ ಹೋಗಿ ಕಾರ್ಡ್ ಟ್ಯಾಪ್ ಮಾಡಿದ್ಲು, ಬೀಪ್ ಅಂದಿದ್ದು ನಿಜಾನಾ ಅಂತ ನನ್ನ ಎರಡು ಸಲ ಕೇಳಿದ್ಲು.