ನಾನು ನಿನ್ನ ಅಜ್ಜಿಯಲ್ಲ

ಸೋಮವಾರ ಸಂಜೆಯಿಂದ ಒಂದೇ ಮಾತು ನನ್ನ ತಲೆಯಲ್ಲಿ ಸುತ್ತುತ್ತಿದೆ. ಕುಕ್ಕರ್ ಇಡುವಾಗ, ಮಗನಿಗೆ ಚಳಿಯ ಬಟ್ಟೆ ತೊಡಿಸುವಾಗ, ರಾತ್ರಿ ದೀಪ ಆರಿಸಿದ ಮೇಲೆ, ಅದೇ ಮಾತು. "ನಾನು ನಿನ್ನ ಅಜ್ಜಿಯಲ್ಲ."

ಸ್ಟುಟ್‌ಗಾರ್ಟ್‌ನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ನಮ್ಮ ಮನೆ. ಲಿಫ್ಟ್ ಇಲ್ಲ. ಎರಡು ವರ್ಷದ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಕೆಸರು ಮೆತ್ತಿದ ಮಳೆಪ್ಯಾಂಟುಗಳ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಗಂಟೆ ಇನ್ನೂ ಐದಾಗಿರಲಿಲ್ಲ, ಹೊರಗೆ ಆಗಲೇ ಕತ್ತಲು. ಐದು ವರ್ಷದ ಮಗಳು ನನಗಿಂತ ಮುಂದೆ ಓಡುತ್ತಿದ್ದಳು. ಅವಳ ಕೈಯಲ್ಲಿ ಕಿಟಾದಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಎರಡು ವಾರ ಅಂಟಿಸಿ ಕತ್ತರಿಸಿ ಮಾಡಿದ ಕಾಗದದ ಲಾಂದ್ರ. ನೀಲಿ ಕಾಗದದ ಮೇಲೆ ಹಳದಿ ನಕ್ಷತ್ರಗಳು. ಮರುದಿನ ನವೆಂಬರ್ 11, ಸಂತ ಮಾರ್ಟಿನ್ ಹಬ್ಬ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟವನ ನೆನಪಿನಲ್ಲಿ ಇಲ್ಲಿನ ಮಕ್ಕಳು ಲಾಂದ್ರ ಹಿಡಿದು, ಹಾಡುತ್ತಾ, ಕತ್ತಲ ಬೀದಿಗಳಲ್ಲಿ ನಡೆಯುತ್ತಾರೆ.

ಎರಡನೆಯ ಮಹಡಿಯ ಹಿರಿಯ ಹೆಂಗಸು ತಮ್ಮ ಬಾಗಿಲಿಗೆ ಬೀಗ ಹಾಕುತ್ತಿದ್ದರು. ಮಗಳು ಲಾಂದ್ರವನ್ನು ಅವರ ಮುಖದ ಹತ್ತಿರಕ್ಕೆ ಎತ್ತಿ ಹಿಡಿದು, "ಓಮಾ, ನೋಡು!" ಎಂದಳು. ಓಮಾ ಎಂದರೆ ಜರ್ಮನ್ ಭಾಷೆಯಲ್ಲಿ ಅಜ್ಜಿ. ಅವರು ಬೀಗದ ಕೈ ತೆಗೆದು ಚೀಲಕ್ಕೆ ಹಾಕಿಕೊಂಡರು. ತಿರುಗಿದರು. "ನಾನು ನಿನ್ನ ಓಮಾ ಅಲ್ಲ" ಎಂದರು. ದನಿ ಏರಿಸಲಿಲ್ಲ, ಸಿಡುಕಲೂ ಇಲ್ಲ. ಇಂದು ಸೋಮವಾರ ಎಂದು ಹೇಳುವ ಹಾಗೆ ಹೇಳಿದರು. ನನಗೆ ಎದೆ ಧಸಕ್ಕೆಂದಿತು. ಮುಂದೆ ಏನು ನಡೆಯಿತೋ ನನಗೆ ಕೇಳಿಸಲಿಲ್ಲ. ಮಗಳ ಬೆನ್ನ ಮೇಲೆ ಕೈಯಿಟ್ಟು, ಅವಸರದಲ್ಲಿ ಮೇಲಕ್ಕೆ ಹತ್ತಿಸಿಕೊಂಡು ಬಂದುಬಿಟ್ಟೆ.

ಆ ಹೆಂಗಸಿನ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಅಳುಕು. ಈ ಸೀಮೆಯಲ್ಲಿ ಕೇರ್‌ವೊಖೆ ಎಂಬ ಪದ್ಧತಿ ಇದೆ. ಕಟ್ಟಡದ ಮೆಟ್ಟಿಲನ್ನು, ಅಂಗಳವನ್ನು, ಮುಂದಿನ ಕಾಲುದಾರಿಯನ್ನು ಒಂದೊಂದು ಮನೆಯವರು ಸರದಿಯ ಮೇಲೆ ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಪುಟ್ಟ ಹಲಗೆ ತೂಗುತ್ತದೆ. ಕೆಲಸ ಮುಗಿಸಿದ ಮೇಲೆ ಅದನ್ನು ಮುಂದಿನವರ ಬಾಗಿಲಿಗೆ ದಾಟಿಸಬೇಕು. ನಮ್ಮ ವಾರ ಮುಗಿದಾಗಲೆಲ್ಲ ಇವರು ಕಂಬಿಯ ಕೆಳಗಿನ ಮೂಲೆಗಳನ್ನು ನೋಡಿಯೇ ಹಲಗೆ ತೆಗೆದುಕೊಳ್ಳುತ್ತಾರೆ. ಆದರೆ ನ್ಯಾಯ ಹೇಳಬೇಕು, ನನಗೆ ಎರಡನೆಯ ಹೆರಿಗೆಯಾದಾಗ ಎರಡು ಸಲ ನಮ್ಮ ಸರದಿಯನ್ನೂ ಅವರೇ ಮಾಡಿದರು. ಕೇಳಿರಲಿಲ್ಲ, ಹೇಳಿರಲೂ ಇಲ್ಲ. ಬಾಗಿಲಿಗೆ ಬರಬೇಕಾಗಿದ್ದ ಹಲಗೆ ಬರಲಿಲ್ಲ, ಅಷ್ಟೇ.

ಅಂದು ರಾತ್ರಿ ಗಂಡನಿಗೆ ಹೇಳಿದೆ. "ಬಿಡು, ವಯಸ್ಸಾದವರು" ಎಂದರು. ಯಾವ ವಿಷಯಕ್ಕೂ ಅವರದು ಇದೇ ಉತ್ತರ. ಮಾತು ಬೆಳೆಸದವರನ್ನು ಜನ ಒಳ್ಳೆಯವರು ಎನ್ನುತ್ತಾರೆ, ಆದರೆ ಮನೆಯೊಳಗೆ ಕೆಲವು ಮಾತುಗಳು ಬೆಳೆಯಲೇಬೇಕು. ಮರುದಿನ ಊರಿನ ಇನ್ನೊಂದು ತುದಿಯಲ್ಲಿರುವ ಕನ್ನಡದ ಗೆಳತಿಗೆ ಫೋನ್ ಮಾಡಿದೆ. "ಇವರೆಲ್ಲ ಹೀಗೆಯೇ ಕಣೇ, ಕರುಳೇ ಇಲ್ಲದ ಜನ" ಎಂದಳು. ನನ್ನ ನೋವಿಗೆ ಆ ಮಾತು ಆ ಕ್ಷಣಕ್ಕೆ ತಂಪೆನಿಸಿದ್ದು ನಿಜ. ಫೋನ್ ಇಟ್ಟ ಮೇಲೆ ನಾಚಿಕೆಯಾಯಿತು. ಎಂಟು ವರ್ಷ ಇವರ ನಡುವೆ ಬದುಕಿ, ಮಕ್ಕಳನ್ನು ದಿನಕ್ಕೆ ಏಳು ತಾಸು ಇವರ ಮಡಿಲಿನಲ್ಲಿ ಬಿಟ್ಟು, ಕರುಳಿಲ್ಲದವರು ಎನ್ನುವುದು ಯಾವ ಬಾಯಿಂದ?

ಓಮಾ ಎನ್ನಲು ಮಗಳಿಗೆ ಕಲಿಸಿದವಳು ನಾನೇ. ಈ ಮನೆಗೆ ಬಂದ ವಾರವೇ ಕಲಿಸಿದ್ದೆ. ನನಗೆ ಗೊತ್ತಿದ್ದ ಗೌರವ ಅದು. ನಮ್ಮಲ್ಲಿ ತರಕಾರಿ ಮಾರುವವಳು ಅಕ್ಕ, ಆಟೊ ಓಡಿಸುವವನು ಅಣ್ಣ, ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತೆ ಅಮ್ಮ. ಅಷ್ಟೇಕೆ, ಹೆಸರಿನೊಳಗೇ ನಂಟನ್ನು ಹೊಸೆದುಬಿಟ್ಟ ಭಾಷೆ ನಮ್ಮದು. ಗಂಗಮ್ಮ, ನಂಜವ್ವ, ಈರಣ್ಣ, ಶಿವಪ್ಪ. ತೊಟ್ಟಿಲಲ್ಲಿ ಮಲಗಿದ ಕೂಸು ಕೂಡ ಹೆಸರಿನಲ್ಲಿ ಆಗಲೇ ಯಾರಿಗೋ ಅಪ್ಪ, ಯಾರಿಗೋ ಅವ್ವ. ಮಕ್ಕಳು ಹುಟ್ಟಿದ ಮೇಲೆ ಈ ದೇಶದಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಚಳಿಯೂ ಅಲ್ಲ, ಭಾಷೆಯೂ ಅಲ್ಲ; ಇಡೀ ಬೀದಿಯಲ್ಲಿ ನನ್ನ ಮಕ್ಕಳಿಗೆ ಚಿಕ್ಕಮ್ಮ, ಮಾವ, ಅಜ್ಜ ಎನ್ನಲು ಒಬ್ಬರೂ ಇಲ್ಲವಲ್ಲ ಎಂಬುದು. ಹಾಗಾಗಿ ಮೆಟ್ಟಿಲಲ್ಲಿ ಸಿಕ್ಕ ಮೊದಲ ಹಿರಿಯರಿಗೆ ಅಜ್ಜಿಯ ಪಟ್ಟ ಕಟ್ಟಿದೆ. ಅವರನ್ನು ಕೇಳಲಿಲ್ಲ.

ಬುಧವಾರ ಬೆಳಿಗ್ಗೆ ಕಿಟಾದಲ್ಲಿ ಮಕ್ಕಳ ಬೂಟು ಬಿಚ್ಚಿ ಒಳಚಪ್ಪಲಿ ಹಾಕುತ್ತಾ ಮಗಳ ಶಿಕ್ಷಕಿಯ ಹತ್ತಿರ ಈ ಮಾತು ತೆಗೆದೆ. ಶಿಕ್ಷಕಿ ನೆಲದ ಮೇಲೆ ನನ್ನ ಪಕ್ಕದಲ್ಲೇ ಕುಳಿತು, ಬಹಳ ಮೃದುವಾಗಿ ವಿವರಿಸಿದರು. ರಕ್ತಸಂಬಂಧ ಇಲ್ಲದವರನ್ನು ಇಲ್ಲಿ ಓಮಾ ಎಂದರೆ 'ಏ ಮುದುಕಿ' ಎಂದ ಹಾಗೆ ಕೇಳಿಸುತ್ತದೆಯಂತೆ. ತಮ್ಮ ತಾಯಿಯ ಕಾಲದಲ್ಲಿ ಮಕ್ಕಳು ಶಿಶುವಿಹಾರದ ಶಿಕ್ಷಕಿಯನ್ನು ಟಾಂಟೆ, ಅಂದರೆ ಅತ್ತೆ ಅಥವಾ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು ಎಂದೂ ಹೇಳಿದರು. "ಈಗ ಹಾಗೆ ಕರೆದರೆ ನನಗೆ ಬೇಸರವಾಗುತ್ತದೆ. ನಾನು ಓದಿ ಕಲಿತು ಈ ಕೆಲಸಕ್ಕೆ ಬಂದವಳು, ನನಗೆ ನನ್ನ ಹೆಸರಿದೆ" ಎಂದರು. ಮತ್ತೆ ಅವರೇ ಲೈಓಮಾ ಎಂಬ ಇನ್ನೊಂದು ಪದ ಹೇಳಿಕೊಟ್ಟರು. ಎರವಲು ಅಜ್ಜಿ. ಮೊಮ್ಮಕ್ಕಳು ದೂರ ಇರುವ ಹಿರಿಯರನ್ನೂ ಅಜ್ಜಿ ದೂರ ಇರುವ ಮಕ್ಕಳನ್ನೂ ಸಂಘ ಸಂಸ್ಥೆಗಳು ಜೊತೆಗೂಡಿಸುತ್ತವೆ. ಅರ್ಜಿ ಹಾಕಬೇಕು, ಎರಡೂ ಕಡೆಯವರು ಒಪ್ಪಬೇಕು. ಮೊದಲು ಕೇಳಿದಾಗ ಅಳು ಬಂತು, ಅಜ್ಜಿಯನ್ನೂ ಅರ್ಜಿ ಹಾಕಿ ಪಡೆಯಬೇಕೇ ಎಂದು. ಕಚೇರಿಗೆ ಹೋಗುವ ಟ್ರಾಮಿನಲ್ಲಿ ಕುಳಿತ ಮೇಲೆ 'ಒಪ್ಪಬೇಕು' ಎಂಬ ಮಾತು ಚುಚ್ಚತೊಡಗಿತು.

ಗುರುವಾರ ಮಗಳಿಗೆ ಸ್ನಾನ ಮಾಡಿಸುವಾಗ, "ಅವರು ಹಾಗೆ ಹೇಳಿದ್ದಕ್ಕೆ ನಿನಗೆ ಬೇಜಾರಾಯಿತೇ ಪುಟ್ಟಿ?" ಎಂದು ಕೇಳಿದೆ.

"ಯಾರು?"

"ಕೆಳಗಿನ ಮನೆಯವರು. ನಾನು ನಿನ್ನ ಓಮಾ ಅಲ್ಲ ಎಂದರಲ್ಲ."

"ಆಮೇಲೆ ತಮ್ಮ ಹೆಸರು ಹೇಳಿದರಲ್ಲ ಅಮ್ಮ. ನನ್ನ ಹೆಸರೂ ಕೇಳಿದರು. ನೀನು ಹೇಳಲು ಬಿಡಲಿಲ್ಲ, ನನ್ನನ್ನು ತಳ್ಳಿದೆ."

ಕೈಯಲ್ಲಿದ್ದ ತಂಬಿಗೆ ಹಾಗೆಯೇ ನಿಂತಿತು. ಮೂರು ದಿನ ಆ ಮೆಟ್ಟಿಲನ್ನು ಎಷ್ಟು ಸಲ ಹತ್ತಿದ್ದೆ! ಪ್ರತಿ ಸಲವೂ ನನ್ನ ನೆನಪು ಮೊದಲ ವಾಕ್ಯಕ್ಕೇ ನಿಂತುಬಿಡುತ್ತಿತ್ತು. ಮಗು ಮೂರೂ ವಾಕ್ಯ ಕೇಳಿಸಿಕೊಂಡಿತ್ತು. ನಾನು ನಿನ್ನ ಅಜ್ಜಿಯಲ್ಲ. ನನ್ನ ಹೆಸರು ಇಂಥದು. ನಿನ್ನ ಹೆಸರೇನು? ಇಷ್ಟೂ ಸೇರಿದರೆ ಅದು ದೂರ ತಳ್ಳುವ ಮಾತೇ ಅಲ್ಲ. ತಳ್ಳಿದವಳು ನಾನು. ಮೂರು ವರ್ಷ ಒಂದೇ ಮೆಟ್ಟಿಲು ತುಳಿದೂ ನನ್ನ ಮಗಳ ಹೆಸರನ್ನು ನಾನು ಅವರಿಗೆ ಹೇಳಿರಲಿಲ್ಲ.

ನೀರು ಹುಯ್ಯುತ್ತಿದ್ದಾಗ ಅವಳು ಮತ್ತೆ ಕೇಳಿದಳು. "ಅಮ್ಮ, ನಮ್ಮ ಅಜ್ಜಿಗೆ ಹೆಸರಿಲ್ಲವೇ?"

ಇದೆ ಎಂದೆ. ಹೇಳಲು ಹೊರಟೆ. ನಾಲಿಗೆ ತಡೆಯಿತು. ಅತ್ತೆಯ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಬಹುಶಃ ವಿಮಾನ ನಿಲ್ದಾಣಗಳಲ್ಲಿ ಮಾತ್ರ. "ನೀನೇ ಶನಿವಾರ ಫೋನಿನಲ್ಲಿ ಕೇಳು" ಎಂದುಬಿಟ್ಟೆ.

ಆ ರಾತ್ರಿ ನೆನಪಾದದ್ದು ನಮ್ಮೂರಿನ ಹೂವಿನಜ್ಜಿ. ದಿನವೂ ಸಂಜೆ ಬುಟ್ಟಿ ಹೊತ್ತು ಬಂದು, ನಮ್ಮ ಜಗುಲಿಯಲ್ಲಿ ಕುಳಿತು ಮೊಳ ಹಾಕುತ್ತಿದ್ದರು. ಅಳೆದ ಮೇಲೆ ನನ್ನ ಜಡೆಗೆಂದೇ ಗೇಣುದ್ದ ಹೆಚ್ಚು ಬಿಡುತ್ತಿದ್ದರು. ಹದಿನೈದು ವರ್ಷ. ಅವರು ತೀರಿಹೋದ ದಿನ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಆದರೆ ಅವರ ಹೆಸರು ಏನೆಂದು ಅಪ್ಪನಿಗೂ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಅಜ್ಜಿ ಎಂದು ಕರೆದ ಮೇಲೆ ಇನ್ನೇನನ್ನೂ ಕೇಳುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಆ ಪ್ರೀತಿ ಸುಳ್ಳೆಂದು ನಾನು ಒಪ್ಪುವುದಿಲ್ಲ. ಅಷ್ಟಕ್ಕೇ ನಿಂತ ಪ್ರೀತಿ ಅದು, ಅದನ್ನು ಒಪ್ಪುತ್ತೇನೆ.

ಹೆಸರಿನ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ನಮ್ಮ ಕಡೆ ಕುಲನಾಮ ಇಟ್ಟುಕೊಳ್ಳುವ ರೂಢಿ ಇಲ್ಲ. ಪಾಸ್‌ಪೋರ್ಟಿನಲ್ಲಿ ಆ ಜಾಗ ತುಂಬಲೇಬೇಕಾದಾಗ ಗಂಡ ತಮ್ಮ ತಂದೆಯ ಹೆಸರು ಬರೆದರು, ಮದುವೆಯ ಮೇಲೆ ನನಗೂ ಅದೇ ಬಂತು. ಹಾಗಾಗಿ ಕಿಟಾದ ಪತ್ರಗಳಲ್ಲಿ, ಮಕ್ಕಳ ವೈದ್ಯರ ಬಳಿ, ಎಲ್ಲೆಡೆ ನನ್ನನ್ನು ಕರೆಯುವುದು ತೀರಿಹೋದ ಮಾವನವರ ಹೆಸರಿನಿಂದ. ನಮ್ಮ ಮನೆಯಲ್ಲಿ ಯಾವ ಸೊಸೆಯೂ ಉಚ್ಚರಿಸದ ಹೆಸರು ಅದು. ಕಟ್ಟಡದ ಕರೆಗಂಟೆಯ ಪಕ್ಕದಲ್ಲೂ ಅದೇ ಇದೆ. ಕಳೆದ ವರ್ಷ ಅತ್ತೆ ಬಂದಾಗ ಅಲ್ಲೇನು ಬರೆದಿದೆ ಎಂದು ಕೇಳಿದರು. "ಮಾವನವರ ಹೆಸರು" ಎಂದೆ. ಸೆರಗಿನ ತುದಿಯಿಂದ ಆ ಪುಟ್ಟ ಫಲಕವನ್ನು ಒರೆಸಿದರು. ವೀಸಾದ ತೊಂಬತ್ತು ದಿನ ತುಂಬುವ ತನಕ, ಹೊರಗೆ ಹೋದಾಗಲೆಲ್ಲ ಒರೆಸುತ್ತಿದ್ದರು.

ಶನಿವಾರ ಬೆಳಿಗ್ಗೆ ನಮಗೆ ಒಂಬತ್ತು, ತಿಪಟೂರಿನಲ್ಲಿ ಮಧ್ಯಾಹ್ನ ಒಂದೂವರೆ. ಅತ್ತೆ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮಗಳು ನಮಸ್ಕಾರವನ್ನೂ ಹೇಳದೆ ಕೇಳಿದಳು.

"ಅಜ್ಜಿ, ನಿನ್ನ ಹೆಸರೇನು?"

"ಅಜ್ಜಿ ಎಂದೇ ನನ್ನ ಹೆಸರು ಕಂದ."

"ಅಲ್ಲ. ಅದು ಹೆಸರಲ್ಲ. ನಿಜವಾದ ಹೆಸರು ಹೇಳು."

ಅತ್ತೆ ನಗುತ್ತಿದ್ದವರು ನಿಲ್ಲಿಸಿದರು. ಎಲೆಯ ತೊಟ್ಟನ್ನು ಮುರಿದು ಪಕ್ಕಕ್ಕಿಟ್ಟರು. "ಯಾವುದನ್ನು ಹೇಳಲಿ? ಮೊದಲಿನದೋ, ಆಮೇಲಿನದೋ?"

ಅಡುಗೆ ಮನೆಯಲ್ಲಿ ಪಾತ್ರೆ ಒರೆಸುತ್ತಿದ್ದ ನನ್ನ ಗಂಡ ಬಟ್ಟೆ ಹಿಡಿದುಕೊಂಡೇ ಬಂದು ನಿಂತರು. ಅವರಿಗೂ ಗೊತ್ತಿರಲಿಲ್ಲ. ಅತ್ತೆ ಹೇಳಿದ್ದು ಇಷ್ಟು. ಹದಿನೆಂಟನೆಯ ವಯಸ್ಸಿನಲ್ಲಿ ಈ ಮನೆಯ ಹೊಸಿಲು ದಾಟಿದಾಗ ಅವರ ಅತ್ತೆಯ ಹೆಸರೂ ಅದೇ ಆಗಿತ್ತು. ಹಿರಿಯರ ಹೆಸರು ಹಿಡಿದು ಸೊಸೆಯನ್ನು ಕೂಗುವುದು ಹೇಗೆ? ತಟ್ಟೆಯ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿದರು. "ತವರಿನವರು ಇರುವ ತನಕ ಹಳೆಯದು ಉಳಿದಿತ್ತು. ನನ್ನ ಅಣ್ಣ ಹೋದ ಮೇಲೆ ಹಾಗೆ ಕರೆಯುವವರು ಯಾರೂ ಇಲ್ಲ" ಎಂದರು. ಅಣ್ಣ ತೀರಿಕೊಂಡು ಹನ್ನೊಂದು ವರ್ಷವಾಯಿತು.

ಅವರ ವೀಸಾ ಅರ್ಜಿ ತುಂಬಿಸಿದವಳು ನಾನು. ಅದರ ಎರಡನೆಯ ಅಂಕಣವೇ ಹುಟ್ಟಿದಾಗಿನ ಕುಲನಾಮಕ್ಕೆ ಮೀಸಲು. ಅದು ಕೇಳುವುದು ಕುಲನಾಮವನ್ನು, ಸರಿ. ಆದರೂ ಹುಟ್ಟಿದಾಗ ನಿಮ್ಮನ್ನು ಏನೆಂದು ಕರೆಯುತ್ತಿದ್ದರು ಅತ್ತೆ ಎಂದು ಕೇಳಲು ಅದಕ್ಕಿಂತ ಒಳ್ಳೆಯ ಸಮಯ ಯಾವುದಿತ್ತು? ಅವಸರದಲ್ಲಿ ಮುಂದಿನ ಸಾಲಿಗೆ ಹೋಗಿದ್ದೆ. ಎರಡನೆಯ ಮಹಡಿಯವರ ಬಾಗಿಲಿನ ಮೇಲಿರುವ ಹೆಸರೂ ಹುಟ್ಟಿನದಲ್ಲದಿರಬಹುದು ಎಂದು ಈಗ ಅನ್ನಿಸುತ್ತದೆ. ಈ ದೇಶದಲ್ಲಿಯೂ 1976ರ ಕಾಯ್ದೆ ಬರುವ ತನಕ ಮದುವೆಯಾದ ಹೆಣ್ಣು ಗಂಡನ ಕುಲನಾಮ ಹೊರಲೇಬೇಕಾಗಿತ್ತು. ಅಷ್ಟಾದ ಮೇಲೂ ಉಳಿದ ಒಂದು ಹೆಸರನ್ನು ಮಗುವಿಗೆ ಹೇಳಲು ಹೊರಟವರ ಮುಂದಿನಿಂದ ನಾನು ಓಡಿ ಬಂದಿದ್ದೆ.

ಅತ್ತೆಯ ಹಳೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಅದನ್ನು ಹೇಳಿದ್ದು ಮೊಮ್ಮಗಳಿಗೆ. ಮೂರಕ್ಷರದ, ಹೊಳೆಯೊಂದರ ಹೆಸರು. ಮಗಳು ಒಮ್ಮೆ ತಪ್ಪಾಗಿ ಹೇಳಿದಳು, ಅತ್ತೆ ತಿದ್ದಿದರು. ಇಲ್ಲಿನ ಮಕ್ಕಳು ತಮ್ಮ ಓಮಾಗಳ ಹೆಸರು ಸೇರಿಸಿ ಕರೆಯುವ ಹಾಗೆ ಅವಳು ಹೆಸರಿನ ಮುಂದೆ ಅಜ್ಜಿ ಎಂದು ಸೇರಿಸಿಕೊಂಡಳು. ಆಮೇಲೆ ಸೋಫಾದ ಮೇಲೆ ಹತ್ತಿ ನಿಂತು, ಬೀದಿಯ ಆ ತುದಿಯಲ್ಲಿ ಇರುವವರನ್ನು ಕೂಗುವ ಹಾಗೆ ಜೋರಾಗಿ ಕೂಗಿದಳು.

ಪರದೆಯಲ್ಲಿ ಅತ್ತೆ ಸುಮ್ಮನೆ ಕುಳಿತಿದ್ದರು. ಸಂಪರ್ಕ ಕಡಿಯಿತೇನೋ ಎಂದು ನಾನು ಮೊಬೈಲ್ ಕೈಗೆ ತೆಗೆದುಕೊಳ್ಳಲು ಹೋದೆ. ಮಗಳು ಮತ್ತೊಮ್ಮೆ ಕೂಗಿದಳು.

"ಓ..." ಎಂದರು ಅತ್ತೆ.