ತೋಟದ ರೈಟರ್ ಬರೆಯುತ್ತಿರುವ ಪ್ರೇಮ ಕಾದಂಬರಿ: ಆರು ತಿಂಗಳ ಲೆಕ್ಕ

ಜೂನ್ 20

ನಾನು ರೈಟರ್. ಇಪ್ಪತ್ತೊಂದು ವರ್ಷದಿಂದ ರೈಟರ್. ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ಕಾಫಿ ತೋಟದಲ್ಲಿ ಆಳುಗಳ ಹಾಜರಿ ಹಾಕಿ, ಚೆಕ್‌ರೋಲ್ ಅಂದರೆ ಹಾಜರಿ-ಕೂಲಿಯ ಲೆಕ್ಕ ಬರೆದು, ಕೂಲಿ ಬಟವಾಡೆ ಮಾಡುವವನಿಗೆ ನಮ್ಮಲ್ಲಿ ರೈಟರ್ ಅನ್ನುತ್ತಾರೆ. ಬೆಳಿಗ್ಗೆ ಹೆಸರು ಕರೆಯುವುದು, ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗಿ ಕಿಲೋ ಬರೆದುಕೊಳ್ಳುವುದು. ಇಲ್ಲಿಯವರೆಗೆ ನನ್ನ ಸಾಹಿತ್ಯ ಅಷ್ಟೇ.

ಈ ಮಳೆಗಾಲಕ್ಕೆ ಒಂದು ಪ್ರೇಮ ಕಾದಂಬರಿ ಶುರು ಮಾಡಿದ್ದೇನೆ. ನಗುವವರು ಈಗಲೇ ನಕ್ಕುಬಿಡಿ. ಇದಕ್ಕೆ ಕಾರಣ ಅತ್ತಿಗೆ. ಕುಶಾಲನಗರದಲ್ಲಿ ಬಟ್ಟೆ ಹೊಲಿಯುತ್ತಾರೆ. ಸುಧಾ, ತರಂಗದ ಧಾರಾವಾಹಿಗಳನ್ನು ಮೂವತ್ತು ವರ್ಷದಿಂದ ಬಿಡದೆ ಓದಿದವರು. ಲೈಬ್ರರಿಯ ಕಾದಂಬರಿಗಳಲ್ಲಿ ಅವರು ಓದದೆ ಬಿಟ್ಟದ್ದು ಕಡಿಮೆ. ಮೇ ತಿಂಗಳಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ, "ಎಲ್ಲರೂ ದೊಡ್ಡ ದೊಡ್ಡ ವಿಷಯ ಬರೀತಾರೆ, ನಮಗೆ ಬೇಕಾದ್ದು ಯಾರೂ ಬರೆಯಲ್ಲ" ಅಂದರು. ನಾನು ಪಾಯಸದ ಗುಂಗಿನಲ್ಲಿ "ನಾನು ಬರೀತೀನಿ ಬಿಡಿ" ಅಂದೆ. ಮರುದಿನವೇ ಫೋನು. "ಎಷ್ಟು ಪುಟ ಆಯ್ತು?"

ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮುಗಿದಿದೆ. ಸುಂಟಿಕೊಪ್ಪದ ಈ ಕಡೆ ಮಳೆ ಹಿಡಿದರೆ ಕರೆಂಟು ಹೋಗುತ್ತದೆ. ಮೇಣದಬತ್ತಿ ಬೆಳಕಲ್ಲಿ ಇನ್ನೂರು ಪುಟದ ನೋಟ್‌ಬುಕ್. ಹೀರೋಯಿನ್ ಭವಾನಿ. ಅಪ್ಪನಿಗೆ ಲಕ್ವ ಹೊಡೆದು ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ವಾಪಸ್ ಬಂದವಳು. ಹೀರೋ ಗಣಪತಿ. ಅವಳ ಅಪ್ಪನ ಹನ್ನೆರಡು ಎಕರೆ ರೊಬಸ್ಟ ಕಾಫಿ ತೋಟವನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿರುವವನು.

ಜುಲೈ ಕೊನೆ

ಮೊದಲ ಅರವತ್ತು ಪುಟ ಅತ್ತಿಗೆಗೆ ಕೊಟ್ಟೆ. ಒಂದು ವಾರದ ಮೇಲೆ ವಾಪಸ್ ಬಂತು. ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ನಲ್ಲೇ ಪುಟಗಟ್ಟಲೆ ಗೀಚಿದ್ದಾರೆ.

"ಇದೇನು ಮಾರಾಯ, ಬರೀ ಮಂಜು! ನಾಲ್ಕು ಪುಟ ಮಂಜು, ಆಮೇಲೆ ಕಾಫಿ ಹೂವು, ಆಮೇಲೆ ಮತ್ತೆ ಮಂಜು. ನಾನೇನು ಮಂಜು ನೋಡಿಲ್ವಾ? ಅವನು ಏನಂದ? ಅವಳಿಗೆ ಹೊಟ್ಟೆಯೊಳಗೆ ಏನಾಯ್ತು? ಅದು ಹೇಳು."

ನನಗೆ ಬೇಜಾರಾಯಿತು. ಕಾಫಿ ಹೂವು ಅರಳಿಸುವ ಹೂಮಳೆಯ ವರ್ಣನೆ ಬರೆಯಲು ಮೂರು ರಾತ್ರಿ ಕೂತಿದ್ದೆ. ಆದರೆ ಯೋಚಿಸಿದರೆ ಅವರ ಮಾತು ಸರಿ. ತೋಟದವರು ಹೂಮಳೆಯನ್ನು ಹಾಗೆ ನೋಡುವುದೇ ಇಲ್ಲ. ಮಾರ್ಚ್‌ನಲ್ಲಿ ಆಕಾಶ ನೋಡುತ್ತಾ ಕೂತು, ಮಳೆ ಎಷ್ಟು ಸೆಂಟ್ (ನೂರು ಸೆಂಟ್ ಅಂದರೆ ಒಂದು ಇಂಚು) ಬಿತ್ತು ಅಂತ ಅಕ್ಕಪಕ್ಕದವರಿಗೆ ಫೋನು ಮಾಡುತ್ತೇವೆ. ಒಂದು ಇಂಚು ಬಿದ್ದರೆ ಮುಖ ಅರಳುತ್ತದೆ. ಎಂಟು ಹತ್ತು ದಿನಕ್ಕೆ ಹೂವು ಬರುತ್ತದೆ, ಎರಡು ಮೂರು ದಿನ ನಿಲ್ಲುತ್ತದೆ. ಹಿಂದಿನಿಂದ ಇನ್ನೊಂದು ಮಳೆ ಬರದಿದ್ದರೆ ಕಾಯಿ ಕಚ್ಚುವುದಿಲ್ಲ. ನಮಗೆ ಹೂವಿನ ಘಮ ಅಂದರೆ ಅರ್ಧ ಖುಷಿ, ಅರ್ಧ ಬ್ಯಾಂಕ್ ಸಾಲದ ಕಂತು. ಈ ಭಯ ಭವಾನಿಗೂ ಇರಬೇಕಿತ್ತು. ನಾನು ಅವಳನ್ನು ಹೋಂಸ್ಟೇಗೆ ಬಂದ ಪ್ರವಾಸಿಯ ಹಾಗೆ ನಿಲ್ಲಿಸಿಬಿಟ್ಟಿದ್ದೆ.

ಅರವತ್ತು ಪುಟ ಇಪ್ಪತ್ತೆರಡಕ್ಕೆ ಇಳಿಯಿತು.

ಆಗಸ್ಟ್ 17

ಇವತ್ತು ಒಂದು ದೊಡ್ಡ ತಪ್ಪು ಒಪ್ಪಿಕೊಳ್ಳಬೇಕು. ಕೊನೆಯ ಅಧ್ಯಾಯವನ್ನು ಮೊದಲೇ ಬರೆದಿಟ್ಟಿದ್ದೆ. ಅದರಲ್ಲಿ 2018ರ ಭೂಕುಸಿತದಲ್ಲಿ ಗಣಪತಿ ಸಾಯುತ್ತಾನೆ. ಬರೆಯುವಾಗ ನನ್ನ ಕಣ್ಣಲ್ಲೇ ನೀರು ಬಂದಿತ್ತು. ಓದಿದವರು ಖಂಡಿತ ಅಳುತ್ತಾರೆ ಅಂತ ಒಳಗೊಳಗೇ ಹೆಮ್ಮೆ.

ಅತ್ತಿಗೆ ಅಳಲಿಲ್ಲ. ಮೂರು ದಿನ ಫೋನು ಎತ್ತಲಿಲ್ಲ. ನಾಲ್ಕನೇ ದಿನ ಎತ್ತಿ, "ಇಷ್ಟು ದಿನ ನನ್ನ ಕೂರಿಸಿ ಅವರಿಬ್ಬರ ಮೇಲೆ ಆಸೆ ಹುಟ್ಟಿಸಿ, ಕೊನೆಗೆ ಮಣ್ಣು ಮುಚ್ಚಿದ್ಯಲ್ಲ. ಸಾವು ಓದಬೇಕಾದ್ರೆ ನಾನು ಪೇಪರ್ ಓದ್ತೀನಿ" ಅಂದರು. ಇನ್ನೊಂದು ಮಾತೂ ಹೇಳಿದರು. ಮಕ್ಕಂದೂರು ಕಡೆಯ ಒಬ್ಬರು ಅವರ ಹತ್ತಿರ ಬಟ್ಟೆ ಹೊಲಿಸುತ್ತಾರಂತೆ. ಆ ವರ್ಷ ಮನೆ ಕಳೆದುಕೊಂಡವರು. "ಅವರ ಕೈಗೆ ಈ ಪುಸ್ತಕ ಕೊಡ್ತೀಯಾ ನೀನು?"

ಕೊಡಲಾರೆ. ಹರಿದು ಹಾಕಿದೆ.

ಅಣ್ಣನ ಮಗಳು ಮಡಿಕೇರಿಯಲ್ಲಿ ಡಿಗ್ರಿ ಎರಡನೇ ವರ್ಷ. ಅವಳು ಹೇಳಿದ್ದು ಇದು. ಅಮೆರಿಕದಲ್ಲಿ ರೊಮಾನ್ಸ್ ಬರೆಯುವವರದೇ ಒಂದು ಸಂಘ 1980ರಲ್ಲಿ ಶುರುವಾಯಿತಂತೆ. ಅವರ ಪ್ರಕಾರ ರೊಮಾನ್ಸ್ ಅನ್ನಿಸಿಕೊಳ್ಳಲು ಎರಡೇ ಷರತ್ತು. ಕತೆಯ ನಡುಮಧ್ಯೆ ಪ್ರೀತಿ ಇರಬೇಕು, ಮುಕ್ತಾಯ ಮನಸ್ಸು ತುಂಬುವ ಹಾಗೆ, ಮುಂದಕ್ಕೆ ಭರವಸೆ ಉಳಿಯುವ ಹಾಗೆ ಇರಬೇಕು. ಇಬ್ಬರೂ ಕೊನೆಗೆ ಸೇರುತ್ತಾರೆ ಅಂತ ಓದುಗರಿಗೆ ಮೊದಲೇ ಗೊತ್ತು. ಗೊತ್ತಿದ್ದೂ ಓದುತ್ತಾರೆ. ಹಾಗಾದರೆ ಅವರು ಕಾಯುವುದು ಏನಕ್ಕೆ? ಈ ಪ್ರಶ್ನೆ ಕೆಲವು ದಿನ ನನ್ನ ತಲೆ ತಿಂದಿತು. ಚೆಕ್‌ರೋಲ್‌ನಲ್ಲಿ ಇಬ್ಬರಿಗೆ ಡಬಲ್ ಹಾಜರಿ ಬಿದ್ದು, ಧಣಿಗಳಿಂದ ಬೈಸಿಕೊಂಡೆ.

ಸೆಪ್ಟೆಂಬರ್

ಕೈಲ್‌ಪೊಳ್ದ್ (ಕೊಡವರ ಆಯುಧ ಹಬ್ಬ), ಗಣೇಶ, ಆಮೇಲೆ ಜ್ವರ. ಬರೆದದ್ದು ಸೊನ್ನೆ.

ಓದಿದ್ದು ಜಾಸ್ತಿ. ಬಂಗಲೆಯ ಕಪಾಟು ಖಾಲಿ ಮಾಡುವಾಗ ಅಮ್ಮಾವ್ರು ಒಂದು ಪೆಟ್ಟಿಗೆ ಹಳೆಯ ಮಿಲ್ಸ್ ಅಂಡ್ ಬೂನ್ ಪುಸ್ತಕಗಳನ್ನು ರದ್ದಿಗೆ ಹಾಕಲು ಹೇಳಿದರು. ನಾನು ಮನೆಗೆ ತಂದೆ. 1908ರಲ್ಲಿ ಲಂಡನ್‌ನಲ್ಲಿ ಎಲ್ಲ ಬಗೆಯ ಪುಸ್ತಕ ಹಾಕುವ ಕಂಪನಿಯಾಗಿ ಶುರುವಾಗಿ, 1930ರ ದಶಕದಲ್ಲಿ ಪ್ರೇಮ ಕಾದಂಬರಿಗೇ ನಿಂತವರು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಆರು ಪುಸ್ತಕ ಮುಗಿಸಿದೆ. ಒಂದೊಂದೂ ಹೆಚ್ಚು ಕಡಿಮೆ ಐವತ್ತು ಸಾವಿರ ಪದ. ಎಸ್ಟೇಟ್ ಲೆಕ್ಕದ ಹಾಗೆ ಅಚ್ಚುಕಟ್ಟು. ಮೊದಲ ಹತ್ತು ಪುಟದೊಳಗೆ ಇಬ್ಬರೂ ಎದುರುಬದುರು. ಇಬ್ಬರ ನಡುವೆ ಒಂದು ಗಟ್ಟಿ ಅಡ್ಡಿ. ಮುಕ್ಕಾಲು ಭಾಗ ಮುಗಿದಾಗ ಎಲ್ಲ ಮುರಿದುಬಿತ್ತು ಅನ್ನುವ ಹಂತ. ಆಮೇಲೆ ಒಬ್ಬರು ತಮ್ಮ ಜಂಭ ಬಿಟ್ಟು ಬಗ್ಗಬೇಕು.

ಅಡ್ಡಿ ಅನ್ನುವುದನ್ನು ನೋಡಿದಾಗ ನನ್ನ ಕತೆಯ ಹಣೆಬರಹ ಗೊತ್ತಾಯಿತು. ನನ್ನಲ್ಲಿ ಇದ್ದದ್ದು ಬರೀ ಒಂದು ತಪ್ಪು ತಿಳುವಳಿಕೆ. ಗಣಪತಿ ಯಾರ ಜೊತೆಗೋ ಜೀಪಿನಲ್ಲಿ ಹೋದದ್ದನ್ನು ಭವಾನಿ ನೋಡುತ್ತಾಳೆ. ಅತ್ತಿಗೆ ಇದನ್ನು ಜುಲೈನಲ್ಲೇ ಹಿಡಿದಿದ್ದರು.

"ಒಂದು ಫೋನು ಮಾಡಿ ಕೇಳಿದ್ರೆ ಮುಗೀತಿತ್ತಲ್ಲ?"

"ಅಲ್ಲಿ ರೇಂಜ್ ಇರಲ್ಲ ಅತ್ತಿಗೆ."

"ರೇಂಜ್ ಇಲ್ದಿದ್ರೆ ಕಾಲಿಲ್ವಾ ಅವಳಿಗೆ?"

ಅಕ್ಟೋಬರ್ 5

ಅಡ್ಡಿ ಸಿಕ್ಕಿತು. ಆಳುಗಳ ಲೈನ್ ಮನೆ ಹತ್ತಿರ ಮೆಣಸಿನ ಬಳ್ಳಿ ಕಟ್ಟಿಸುತ್ತಾ ನಿಂತಾಗ ಹೊಳೆಯಿತು. ಭವಾನಿ ಸಾಲ ತೀರಿಸಲು ತೋಟ ಮಾರಲು ಬಂದಿದ್ದಾಳೆ. ಗಣಪತಿ ಆರು ವರ್ಷ ಈ ಗಿಡಗಳನ್ನು ಮಕ್ಕಳ ಹಾಗೆ ನೋಡಿದ್ದಾನೆ. ಈಗ ಅವನು ಬಾಯಿಬಿಟ್ಟು ಮನಸ್ಸಿನಲ್ಲಿದ್ದದ್ದು ಹೇಳಿದರೆ, ಅವಳ ಕಿವಿಗೆ ಅದು ತೋಟದ ಆಸೆ ಅಂತಲೇ ಕೇಳುತ್ತದೆ. ಅವನಿಗೆ ಇದು ಗೊತ್ತು. ಅದಕ್ಕೇ ಸುಮ್ನಿದ್ದಾನೆ. ಫೋನಿನಲ್ಲಿ ಬಗೆಹರಿಯುವ ವಿಷಯ ಅಲ್ಲ ಇದು.

ಅತ್ತಿಗೆ ಒಪ್ಪಿದರು. ಹೀರೋ ಹೆಸರು ಮಾತ್ರ ಒಪ್ಪಲಿಲ್ಲ. "ಗಣಪತಿ ಅಂತ ಯಾರಾದ್ರೂ ಹೀರೋಗೆ ಹೆಸರಿಡ್ತಾರಾ? ಸುಂಟಿಕೊಪ್ಪ ಸಂತೇಲಿ ಗಣಪತಿ ಅಂತ ಕೂಗಿದ್ರೆ ಹತ್ತು ಜನ ತಿರುಗಿ ನೋಡ್ತಾರೆ." ನಾನು ಬದಲಾಯಿಸಲಿಲ್ಲ. ಹತ್ತು ಜನ ತಿರುಗಿ ನೋಡುವ ಹೆಸರೇ ಇರಲಿ.

ಅಕ್ಟೋಬರ್ 26

ಈ ನಾಲ್ಕು ತಿಂಗಳಲ್ಲಿ ಕಲಿತದ್ದರಲ್ಲಿ ಇದೊಂದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಹೊಸದಾಗಿ ತಿದ್ದಿದ ಅಧ್ಯಾಯ ಓದಿ ಅತ್ತಿಗೆ ಕೇಳಿದರು. "ಒಂಬತ್ತನೇ ಪುಟದಲ್ಲೇ ಅವಳು ಅವನಿಗೆ ನೀನು ಅಂದುಬಿಟ್ಟಿದ್ದಾಳಲ್ಲ. ಇನ್ನು ನಾನು ಓದೋದು ಯಾಕೆ?"

ತೆಗೆದು ನೋಡಿದೆ. ಲೆಕ್ಕದ ಪುಸ್ತಕದ ಜಗಳದಲ್ಲಿ ಭವಾನಿ "ನೀನು ಯಾರು ಕೇಳೋಕೆ?" ಅಂದಿದ್ದಾಳೆ. ನನಗೆ ಬರೆದದ್ದೇ ಗೊತ್ತಿರಲಿಲ್ಲ. ಅದು ಸಿಟ್ಟಿನ ನೀನು, ಸಲಿಗೆಯದಲ್ಲ ಅಂತ ವಾದ ಮಾಡಿದೆ. ಅತ್ತಿಗೆ ಬಗ್ಗಲಿಲ್ಲ. "ಸಿಟ್ಟಿನದೋ ಸಲಿಗೆಯದೋ, ಒಂದು ಸಲ ಬಾಯಿಂದ ಬಂದ್ರೆ ಬಂತು. ಆಮೇಲೆ ಬರೋದಕ್ಕೆ ಬೆಲೆ ಇರಲ್ಲ."

ಆಗ ತಲೆಯೊಳಗೆ ಬಲ್ಬ್ ಹತ್ತಿತು. ಆ ಇಂಗ್ಲಿಷ್ ಪುಸ್ತಕಗಳಲ್ಲಿ ಇದು ಇಲ್ಲವೇ ಇಲ್ಲ! ಅವರಿಗೆ ಇರುವುದು ಒಂದೇ 'ಯೂ'. ಬಾಸ್‌ಗೂ ಯೂ, ಗಂಡನಿಗೂ ಯೂ, ನಾಯಿಗೂ ಯೂ. ಹತ್ತಿರ ಆದರು ಅಂತ ತೋರಿಸಲು ಅವರು ಮಿಸ್ಟರ್ ಬಿಟ್ಟು ಬರೀ ಹೆಸರು ಕರೆಸಬೇಕು, ಇಲ್ಲವೇ ಕೈ ಹಿಡಿಸಬೇಕು, ಮುತ್ತು ಕೊಡಿಸಬೇಕು. ನಮಗೆ ಒಂದು ಅಕ್ಷರ ಸಾಕು. 'ವು' ಹೋಗಿ 'ನು' ಬಂದರೆ ಕತೆಯೇ ತಿರುಗಿತು. ದೇವರಿಗೆ ನೀನು, ಮಗುವಿಗೆ ನೀನು, ಜಗಳದಲ್ಲಿ ನೀನು. ಇವೆಲ್ಲದರ ನಡುವೆ ಆ ಒಂದು ನೀನು ಬೇರೆ. ಅತ್ತಿಗೆಯಂಥವರು ಇನ್ನೂರು ಪುಟ ಕಾಯುವುದು ಅದಕ್ಕೇ.

ಅವತ್ತು ರಾತ್ರಿ ಹಳೆಯ ಚೆಕ್‌ರೋಲ್ ಹಾಳೆ ತೆಗೆದೆ. ಎಡಗಡೆ ಆಳುಗಳ ಹೆಸರಿನ ಜಾಗದಲ್ಲಿ ಅಧ್ಯಾಯದ ನಂಬರು. ಬಲಕ್ಕೆ ಎರಡು ಕಾಲಂ, ನೀವು ಮತ್ತು ನೀನು. ಕೆಂಪು ಪೆನ್ನಿನಲ್ಲಿ ಒಂದೊಂದಾಗಿ ಗೀಟು ಹಾಕಿದೆ. ಬರೀ ನೀನು ಹುಡುಕಿದರೆ ಸಾಲದು, ಕ್ರಿಯಾಪದದ ಬಾಲ ನೋಡಬೇಕು. ಬನ್ನಿ, ಬಾ. ಕೂತ್ಕೊಳ್ಳಿ, ಕೂತ್ಕೋ. ಹದಿನೇಳು ಕಡೆ ಸೋರಿಕೆ! ಎಲ್ಲ ಮುಚ್ಚಿದೆ.

ಆಮೇಲೆ ಕಣದ ಸೀನ್ ಹೊಸದಾಗಿ ಬರೆದೆ. ಮೊದಲಿನದರಲ್ಲಿ ಹೂವಿನ ನಡುವೆ ನಿಂತು ಗಣಪತಿ ಒಂದೂವರೆ ಪುಟ ಭಾಷಣ ಮಾಡುತ್ತಿದ್ದ. ಈಗ ಅದು ಜನವರಿ ರಾತ್ರಿ. ಹನ್ನೆರಡು ದಿನ ಒಣಗಿದ ಕಾಫಿ ಕಣದಲ್ಲಿ ಹರಡಿದೆ. ಅಕಾಲದ ಮಳೆ.

"ತಗಡಿನ ಮೇಲೆ ಹನಿ ಬಿದ್ದ ಸದ್ದಿಗೆ ಭವಾನಿ ಚಪ್ಪಲಿ ಹಾಕದೆ ಓಡಿದಳು. ಗಣಪತಿ ಆಗಲೇ ಕಾಫಿ ರಾಶಿ ಎಳೆಯುತ್ತಿದ್ದ. ಟಾರ್ಪಾಲು ಗಾಳಿಗೆ ಎದ್ದು ಅವಳ ಮುಖಕ್ಕೆ ಹೊಡೆಯಿತು.

'ಭವಾನಿಯವರೇ, ಆ ಮೂಲೆ ಹಿಡ್ಕೊಳ್ಳಿ.'

ಹಿಡಿದಳು. ಜಾರಿತು.

'ಕಾಲಲ್ಲಿ ತುಳ್ಕೊಳ್ಳಿ. ಇನ್ನೂ ಎಳೀರಿ. ಎಳಿ! ಬಿಡ್ಬೇಡ, ಭವಾನಿ, ಬಿಡ್ಬೇಡ!'

ಅವಳು ಬಿಡಲಿಲ್ಲ."

ಅಷ್ಟೇ. ಮರುದಿನ ಬೆಳಿಗ್ಗೆ ಅವನು ಬಂದು "ತಿಂಡಿ ಆಯ್ತಾ ನಿಮ್ದು?" ಅನ್ನುತ್ತಾನೆ. ಅವಳು "ಆಯ್ತು, ನಿಮ್ದು?" ಅನ್ನುತ್ತಾಳೆ. ಅಧ್ಯಾಯ ಮುಗಿಯಿತು.

ಇದನ್ನು ಓದಿದ ಮೇಲೆ ಅತ್ತಿಗೆ ಮಂಜಿನ ಬಗ್ಗೆ, ಹೆಸರಿನ ಬಗ್ಗೆ ಏನೂ ಹೇಳಲಿಲ್ಲ. ರಾತ್ರಿ ಹತ್ತೂವರೆಗೆ ಫೋನು ಮಾಡಿ, "ಮುಂದಿನದು ಎಲ್ಲಿ?" ಅಂದರು. ಹೊಲಿಯುವ ಮೆಷಿನ್ ಸದ್ದು ಇರಲಿಲ್ಲ ಆಚೆ ಕಡೆ.

ನವೆಂಬರ್ 23

ಹೊಸ ತಲೆನೋವು. ಅಣ್ಣನ ಮಗಳು ಮೊಬೈಲಿನಲ್ಲಿ ಕನ್ನಡ ಧಾರಾವಾಹಿ ಓದುವವಳು. ಅವಳಿಗೆ ಕಣದ ಸೀನ್ ಇಷ್ಟವಾಯಿತು, ಆದರೆ ಒಂದು ತಕರಾರು.

"ಚಿಕ್ಕಪ್ಪ, ಅವನು ಮಾತ್ರ ನೀನು ಅನ್ನೋದು, ಅವಳು ಕೊನೆವರೆಗೂ ನೀವು ನೀವು ಅನ್ನೋದು ಇದ್ರೆ ನಾನು ಓದಲ್ಲ. ಅವನು ಇಳಿದ್ರೆ ಅವಳೂ ಇಳೀಬೇಕು."

ಅತ್ತಿಗೆ ಪಕ್ಕದಲ್ಲೇ ಕಾಜಾ ಹಾಕುತ್ತಾ ಕೂತಿದ್ದರು. "ಹೋಗೇ, ಅವಳು ನೀವು ಅಂದ್ರೇನೇ ಚೆಂದ."

ಅಮ್ಮ ಮಗಳು ಅರ್ಧ ಗಂಟೆ ಜಗಳ ಆಡಿದರು. ನಾನು ಟೀ ಕುಡಿದು ಬಂದೆ. ಇಬ್ಬರೂ ನನ್ನ ಓದುಗರೇ. ಯಾರನ್ನು ಬಿಡಲಿ?

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ನಾವಿಬ್ಬರೂ ನೀವು ಬಿಟ್ಟು ನೀನುಗೆ ಬಂದದ್ದು ಯಾವಾಗ, ನೆನಪಿದೆಯಾ ಅಂತ. ಅಕ್ಕಿ ಆರಿಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. "ನೀವು ಮದುವೆ ದಿನ ಮಂಟಪದಲ್ಲೇ ಅಂದ್ರಿ. ಸೆರಗು ಸರಿ ಮಾಡ್ಕೋ ಅಂತ. ನಾನು ಇನ್ನೂ ಅಂದಿಲ್ಲ."

ಹತ್ತೊಂಬತ್ತು ವರ್ಷ. ನನಗೆ ಇದು ಗೊತ್ತೇ ಇರಲಿಲ್ಲ. ದಿನಾ ಹಾಜರಿ ಹಾಕುವವನು ನಾನು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಅಂದಳು. "ಆ ಹುಡುಗ ಅವಳನ್ನ ಕೇಳಿದ್ನಾ, ನೀನು ಅನ್ನಬಹುದಾ ಅಂತ?"

ಡಿಸೆಂಬರ್ 14

ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಆಯಿತು. ಕುಯ್ಲು ಶುರು. ಬೆಳಿಗ್ಗೆ ಹಾಜರಿ, ಸಂಜೆ ತೂಕ. ರಾತ್ರಿ ಕೈ ನೋವು. ಒಟ್ಟು ಹದಿನಾಲ್ಕು ಅಧ್ಯಾಯ, ಸುಮಾರು ಮೂವತ್ತೊಂದು ಸಾವಿರ ಪದ. ಮುರಿದುಬೀಳುವ ಹಂತ ಇನ್ನೂ ಬರೆಯಬೇಕು. ತೋಟ ನೋಡಲು ಕೊಳ್ಳುವ ಪಾರ್ಟಿ ಬರುತ್ತದೆ, ಗಣಪತಿಯೇ ಅವರಿಗೆ ಗಡಿ ತೋರಿಸಬೇಕಾಗುತ್ತದೆ. ಅಲ್ಲಿಯವರೆಗೆ ದಾರಿ ಕಾಣುತ್ತಿದೆ.

ಮೊನ್ನೆ ಹೆಂಡತಿಯ ಮಾತು ಹಿಡಿದು ಎಂಟು ಸಾಲು ಬರೆದೆ. ಗಣಪತಿ ಕಣದ ಅಂಚಿನಲ್ಲಿ ನಿಂತು, ಕಾಲಲ್ಲಿ ಕಾಫಿ ಸರಿಸುತ್ತಾ ಹೇಳುತ್ತಾನೆ. "ಆವತ್ತು ರಾತ್ರಿ ಏಕವಚನ ಬಂದುಬಿಡ್ತು. ತಪ್ಪು ತಿಳೀಬೇಡಿ."

ಭವಾನಿ ಚೀಲದ ಬಾಯಿ ಕಟ್ಟುವುದನ್ನು ನಿಲ್ಲಿಸುವುದಿಲ್ಲ.

"ಅದಕ್ಕೆ ಮಳೆನೇ ಬರಬೇಕಾ?"

ಇದಾದ ಮೇಲೆ ಅವಳು ಅವನಿಗೆ ಏನನ್ನಬೇಕು ಅನ್ನುವಲ್ಲಿ ನಿಂತಿದ್ದೇನೆ. ಹದಿನೈದನೇ ಅಧ್ಯಾಯ ಎರಡು ತರಹ ಬರೆದಿದ್ದೇನೆ. ನೀವು ಇರುವುದನ್ನು ಅಣ್ಣನ ಮಗಳಿಗೆ ಕೊಟ್ಟೆ, ನೀನು ಇರುವುದನ್ನು ಅತ್ತಿಗೆಗೆ. ಬೇಕಂತಲೇ ಅದಲು ಬದಲು. ಎರಡರ ನಕಲೂ ಅಡುಗೆಮನೆಯ ಕಿಟಕಿಯ ಮೇಲೆ ಇಟ್ಟಿದ್ದೇನೆ. ನಿನ್ನೆ ನೋಡಿದರೆ ಒಂದರ ಮೇಲೆ ಅರಿಶಿನದ ಬೆರಳಚ್ಚು ಇತ್ತು.

ಶನಿವಾರ ಬಟವಾಡೆ. ಮುಂದಿನ ಲೆಕ್ಕ ಅದಾದ ಮೇಲೆ.