ಅಲ್ಲಿ ನೋಡೋಕೆ ಏನಿದೆ?

ರಜೆ ಮುಗಿಸಿ ಹುಬ್ಬಳ್ಳಿಗೆ ಬಂದ ಮರುದಿನವೇ ಶುರು. "ಎಲ್ಲಿ ಹೋಗಿದ್ರಿ?" "ಬ್ಯಾಡಗಿ ಹತ್ರ, ನಮ್ಮ ಮಾವನ ಊರಿಗೆ." "ಹೌದಾ? ಅಲ್ಲಿ ನೋಡಾಕ ಏನೈತ್ರಿ?"

ಏನೂ ಇಲ್ಲ. ಇದೇ ನನ್ನ ಉತ್ತರ. ಇಲ್ಲಿಗೇ ಓದು ನಿಲ್ಲಿಸಿದರೂ ನಡೆಯುತ್ತದೆ.

ನಮ್ಮ ಹುಬ್ಬಳ್ಳಿಯಲ್ಲಿ ರಜೆ ಅಂದ್ರೆ ಒಂದೋ ದಾಂಡೇಲಿ, ಇಲ್ಲಾಂದ್ರೆ ಗೋವಾ. ಬೇರೆ ಏನು ಹೇಳಿದರೂ, ಪಾಪ, ಕೈ ಬಿಗಿಯಾಗಿರಬೇಕು ಅನ್ನೋ ಹಾಗೆ ನೋಡುತ್ತಾರೆ. ಮೊನ್ನೆ ಒಂದು ಮದುವೆ ಪಂಕ್ತಿಯಲ್ಲಿ ಪಕ್ಕದವರು, "ಫಾರ್ಮ್ ಸ್ಟೇ ಏನ್ರಿ? ತಲಿಗೆ ಎಷ್ಟ ತಗೋತಾರ?" ಅಂದರು. ಬಾಯಲ್ಲಿ ಹೋಳಿಗೆ ಇತ್ತು, ಬಚಾವಾದರು. ಇದೇ ಮನುಷ್ಯ ಹಳ್ಳಿ ಬದುಕನ್ನು ಗೊಂಬೆಗಳಲ್ಲಿ ತೋರಿಸೋ, ಶಿಗ್ಗಾವಿ ಹತ್ತಿರದ ಗೊಟಗೋಡಿ ರಾಕ್ ಗಾರ್ಡನ್‌ಗೆ ಟಿಕೆಟ್ ತಗೊಂಡು ಹೋಗಿ, ಗೊಂಬೆ ಎಮ್ಮೆ ಪಕ್ಕ ನಿಂತು ವಾಟ್ಸಾಪಿಗೆ ಫೋಟೋ ಹಾಕಿದ್ದರು. (ಆ ತೋಟ ಚೆನ್ನಾಗಿದೆ, ಅದರ ಮೇಲೆ ನನ್ನ ತಕರಾರಿಲ್ಲ.) ಉಸಿರಾಡೋ ಎಮ್ಮೆ ಅಂದ ಕೂಡಲೇ ನೋಡಾಕ ಏನೈತಿ!

ಸರಿ, ಹೇಳ್ತೀನಿ. ಮಾವನ ಮನೆಯಲ್ಲಿ ಎರಡು ಎಮ್ಮೆ. ಧಾರವಾಡಿ ತಳಿ. ಕರಿ ಮೈ, ಕುಡಗೋಲಿನ ಹಾಗೆ ಹಿಂದಕ್ಕೆ ಬಾಗಿದ ಕೊಂಬು. ಧಾರವಾಡ ಪೇಡಾ ತಿಂದಿದ್ದೀರಲ್ವಾ, ಅದರಲ್ಲಿ ಇವುಗಳ ಹಾಲಿನ ಪಾಲಿದೆ. 2021ರಲ್ಲಿ ದೇಶದ ಎಮ್ಮೆ ತಳಿಗಳ ಪಟ್ಟಿಗೆ ಇದೂ ಸೇರಿತು ಅಂತ ಪೇಪರ್ ಓದಿ ಹೇಳಿದರೆ ಅತ್ತೆ, "ಇಷ್ಟ ದಿನ ಇದನ್ನ ಏನಂತ ತಿಳಿದಿದ್ರಂತ?" ಅಂದರು, ಸಗಣಿ ಬಳಿಯುತ್ತಲೇ.

ಮೇ ತಿಂಗಳ ಮಧ್ಯಾಹ್ನ ಅವು ಕೆರೆಗೆ ಇಳಿಯುತ್ತವೆ. ಎಮ್ಮೆಗೆ ಬೆವರೋದು ಕಡಿಮೆ, ಬಿಸಿಲಿಗೆ ನೀರೇ ಗತಿ. ಕೊಂಬು, ಮೂಗಿನ ಹೊಳ್ಳೆ ಬಿಟ್ಟರೆ ಮಿಕ್ಕಿದ್ದೆಲ್ಲ ನೀರೊಳಗೆ. ನಾನು ಬೇವಿನ ಮರದಡಿ. ಅವು ಏಳೋ ತನಕ ನಾನೂ ಏಳೋದಿಲ್ಲ.

ಪಕ್ಕದ ಮನೆಯದು ಹೋರಿ. ದೀಪಾವಳಿಯ ಹೋರಿ ಹಬ್ಬದಲ್ಲಿ ಕೊಬ್ಬರಿ ಹಾರ ಹಾಕಿಕೊಂಡು ಓಡೋದು. ಅದರ ಹೆಸರಲ್ಲಿ ಫ್ಲೆಕ್ಸ್ ಕೂಡ ಕಟ್ಟುತ್ತಾರೆ. ಈಗ ಮೆಲುಕು ಹಾಕುತ್ತಾ ಮಲಗಿತ್ತು, ಸುಮ್ನೆ ಮುಟ್ಟೋಣ ಅಂತ ಹೋದೆ. ಒಮ್ಮೆ ಬುಸ್ ಅಂದಿತು. ನಾನು ಬಣವೆಯ ಆ ಕಡೆ. ಇನ್ನು ಆಡು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಚಾರ್ಜರ್ ವೈರ್ ಬಗ್ಗೆ ಯಾರೂ ಹೇಳಿರಲಿಲ್ಲ.

ಆದರೆ ಒಬ್ಬರಾದರೂ, "ನಿಮ್ಮ ಅತ್ತಿ ಯಾಕ ಹುಬ್ಬಳ್ಳಿಗೆ ಬರೂದಿಲ್ಲ?" ಅಂತ ಕೇಳಿದ್ದಾರಾ? ನಮ್ಮ ಮನೆ ಗೃಹಪ್ರವೇಶಕ್ಕೆ ಬಂದವರು ಊಟ ಅರ್ಧಕ್ಕೆ ಬಿಟ್ಟು ಬಸ್ಸಿಗೆ ಓಡಿದರು, ಸಂಜೆ ಹಿಂಡೋ ಹೊತ್ತಾಗುತ್ತೆ ಅಂತ. ದೊಡ್ಡ ಎಮ್ಮೆ ಬೇರೆಯವರಿಗೆ ಹಾಲು ಕೊಡೋದಿಲ್ಲ.

ಈ ಸಲ ನಾನು ಹೊರಡೋ ದಿನ ಅತ್ತೆಗೆ ಜ್ವರ. ಮಾವ ಅವರ ಸೀರೆ ಸುತ್ತಿಕೊಂಡು ಚರಿಗೆ ಹಿಡಿದು ಕೂತರು. ನಗಬಾರದು ಅಂತ ನಾನು ತುಟಿ ಕಚ್ಚಿಕೊಂಡೆ. ಎಮ್ಮೆ ತಿರುಗಿ ನೋಡಿತು, ಸೆರಗು ಮೂಸಿತು, ಚರಿಗೆ ಒದೆಯಿತು. ಕರು ಬಿಟ್ಟರು, ಹಿಂಡಿ ಇಟ್ಟರು, ಕೊನೆಗೆ ಬೈದರು. ಒಂದು ಹನಿ ಇಲ್ಲ.

ಆಗ ಅತ್ತೆ ಕಂಬಳಿ ಹೊದ್ದುಕೊಂಡೇ ಹೊರಗೆ ಬಂದರು. ಏನೂ ಮಾತಾಡಲಿಲ್ಲ. ಎಮ್ಮೆಯ ಬೆನ್ನ ಮೇಲೆ ಒಂದು ಕೈ ಇಟ್ಟು ಸ್ವಲ್ಪ ಹೊತ್ತು ನಿಂತರು, ಆಮೇಲೆ ಕೂತರು. ಖಾಲಿ ಚರಿಗೆಗೆ ಹಾಲು ಚರ್ ಅಂತ ಬಿತ್ತು.

"ಏನ್ ನೋಡಾಕತ್ತಿ?" ಅಂದರು ತಲೆ ಎತ್ತದೆ. "ಹೋಗು, ಬಸ್ಸಿಗೆ ಹೊತ್ತಾತು."